ಹಳೆಯ ಜಾವಾ ಬಂಡಿಗೊಂದು ಹೊಸ ಬುಷ್

ಬಾರ್ಕೂರೆಂದೊಡನೆ ಆಳುಪರ ರಾಜಧಾನಿ, ಕತ್ತಲೆ ಬಸದಿಗಳು ನೆನಪಾಗುವುದು ಸಹಜ. ಆದರೆ ಅಲ್ಲಿ ಹಳೆಯ ಜಾವಾ ಮೋಟಾರುಸೈಕಲ್ಲನ್ನು ಉಳಿಸಿಕೊಳ್ಳಬಯಸುವವನ ಚಿಂತೆಯೇ ಬೇರೆ. ಹಿಂಚಕ್ರವನ್ನು ಹಿಡಿದಿರುವ ತೋಳಿನ ಬುಷ್ ಸವೆದರೆ ತಿರುವುಗಳಲ್ಲಿ ಬಂಡಿಯ ಹಿಂಭಾಗ ಓಲಾಡತೊಡಗುತ್ತದೆ. ಮಳೆಗಾಲದ ರಸ್ತೆಯಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಬಂಡಿಯನ್ನು ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿಯೇ ಮುಚ್ಚಿತು. ಮೂಲ ಬಿಡಿಭಾಗ ಸಿಗದಿದ್ದರೆ ಲೇತಿನವರೇ ಗತಿ.

ಬುಷ್ಷಿಗೆ ಯಾವ ಲೋಹ ಯೋಗ್ಯ? ಗಟ್ಟಿಯಾದುದೇ ಲೇಸೆಂದು ಹಲವರು ಉಕ್ಕನ್ನು ಬಯಸುತ್ತಾರೆ. ಉಕ್ಕು ಉಕ್ಕನ್ನು ಉಜ್ಜಿದರೆ, ಗ್ರೀಸ್ ಆರಿದೊಡನೆ ಎರಡೂ ಕಚ್ಚಿಕೊಂಡು ಪಿನ್ನೇ ಹಾಳಾಗುತ್ತದೆ. ಸವೆಯಬೇಕಾದುದು ಸುಲಭವಾಗಿ ಮಾಡಿಸಬಹುದಾದ ಬುಷ್, ದುರ್ಲಭವಾದ ಪಿನ್ನಲ್ಲ. ನೈಲಾನ್ ಅಗ್ಗ, ಆದರೆ ನೀರು ಹೀರಿ ಉಬ್ಬುತ್ತದೆ. ಹಿತ್ತಾಳೆ ನೋಡಲು ಚೆಂದ. ಕರಾವಳಿಯ ಉಪ್ಪುನೀರು ಕ್ರಮೇಣ ಅದರ ಸತುವನ್ನು ಕಸಿದು ಟೊಳ್ಳು ಮಾಡಬಲ್ಲದು. ಉಳಿಯುವುದು ಫಾಸ್ಫರ್ ಬ್ರಾಂಜ್: ತಾಮ್ರ, ನೂರಕ್ಕೆ ಸುಮಾರು ಹತ್ತರಷ್ಟು ತವರ, ಅತ್ಯಲ್ಪ ರಂಜಕ. ದೇವಾಲಯದ ಗಂಟೆಯ ಕಂಚಿಗೆ ಇದು ದಾಯಾದಿಯೆನ್ನಬಹುದು!

ಲೇತಿನವರಿಗೆ ಸವೆದ ಬುಷ್ಷಿನೊಡನೆ ಪಿನ್ನನ್ನೂ ಒಯ್ದು ಕೊಡುವುದು ಒಳ್ಳೆಯದು. ಹೊಸ ಬುಷ್ಷನ್ನು ರಂಧ್ರಕ್ಕಿಂತ ಕೂದಲೆಳೆಯಷ್ಟು ದಪ್ಪಗೆ ಕಡೆದು, ಒಳಮೈಯಲ್ಲಿ ಗ್ರೀಸಿಗೆ ಕಾಲುವೆ ಕೊರೆದು, ಒತ್ತಿ ಕೂಡಿಸುತ್ತಾರೆ. ಒತ್ತಿದಾಗ ಒಳಬಾಯಿ ಕಿರಿದಾಗುವುದರಿಂದ ರೀಮರಿನಿಂದ ಪಿನ್ನಿಗೆ ಹೊಂದಿಸುವುದು ಕೊನೆಯ ಕೆಲಸ.

ಕಂಚೆಂದು ಹೇಳಿ ಹಿತ್ತಾಳೆ ಕೊಡುವ ಅಂಗಡಿಗಳೂ ಉಂಟು. ಕೊಳ್ಳುವ ಮೊದಲು ಅರದಿಂದ ಒಂದು ಮೂಲೆಯನ್ನು ಉಜ್ಜಿಸಿ ನೋಡಬೇಕು: ಹಿತ್ತಾಳೆಯದು ಹಳದಿ, ಈ ಕಂಚಿನದು ಕೆಂಪುಛಾಯೆ.