ಕೋರ್ಟಿನ ಕಾಗದ ನಮ್ಮ ಕೈಗೆ

ಅಕ್ಕಂದಿರೇ,

ಕೋರ್ಟು ಎಂದರೆ ನಮಗೆಲ್ಲ ಹೆದರಿಕೆ. "ಅದೆಲ್ಲ ಗಂಡಸ್ರ್ ಕೆಲ್ಸ, ನಮ್ಗೆ ಎಂತ ಗೊತ್ತಾತ್ತ್?" ಎಂದು ಸುಮ್ಮನಿರುತ್ತೇವೆ. ಆದರೆ ಕೋರ್ಟಿನ ಕಾಗದದಲ್ಲಿ ನಮ್ಮ ಮನೆ ಇದೆ. ನಮ್ಮ ಗದ್ದೆ ಇದೆ. ನಾಲ್ಕು ತೆಂಗಿನ ಮರ ಇದೆ. ನಮ್ಮ ಹೆಸರೂ ಇದೆ. ಆ ಕಾಗದವನ್ನು ಕೇಳಿ ಪಡೆಯುವುದು ಹೇಗೆ? ಈ ಪಾಠದಲ್ಲಿ ತಿಳಿಯೋಣ.

ನಮ್ಮಂಥದೇ ಒಬ್ಬ ಅಕ್ಕ ಇದ್ದಾಳೆ ಎಂದು ಎಣಿಸಿಕೊಳ್ಳಿ. ಅವಳ ತವರುಮನೆಯಲ್ಲಿ ಜಾಗದ ತಕರಾರು ಇತ್ತು. ಹಿಂದೆ ಒಂದು ದಿನ ಅಣ್ಣ ಬಂದು ಒಂದು ಕಾಗದ ತೋರಿಸಿದ. ಅಕ್ಕ ಹೆಬ್ಬೆಟ್ಟು ಒತ್ತಿದಳು. ಅದರಲ್ಲಿ ಏನು ಬರೆದಿತ್ತು? ಅವಳಿಗೆ ಗೊತ್ತಿಲ್ಲ. ಅದು ವಕೀಲರಿಗೆ ಕೊಟ್ಟ ವಕಾಲತ್ತೋ? ಪಾಲು ಬೇಡ ಎಂದು ಒಪ್ಪಿದ ರಾಜಿ ಅರ್ಜಿಯೋ? ಈಗ ಅವಳು ಓದಲು ಕಲಿತಿದ್ದಾಳೆ. "ಅಂದು ನಾನು ಏನಕ್ಕೆ ಒಪ್ಪಿದೆ?" ಎಂದು ಅವಳಿಗೆ ತಿಳಿಯಬೇಕಾಗಿದೆ. ಉತ್ತರ ಕೋರ್ಟಿನ ಕಟ್ಟಿನಲ್ಲಿದೆ.

ಮೊದಲು ಕೆಲವು ಶಬ್ದ ಕಲಿಯೋಣ

ಜಾಗ, ಪಾಲು, ಸಾಲ, ದಾರಿ, ಇಂಥ ತಕರಾರಿನ ದಾವೆಗೆ ಸಿವಿಲ್ ದಾವೆ ಎನ್ನುತ್ತಾರೆ.
ದಾವೆ ಹಾಕಿದವರು ವಾದಿ.
ಯಾರ ಮೇಲೆ ಹಾಕಿದ್ದಾರೋ ಅವರು ಪ್ರತಿವಾದಿ.
ನ್ಯಾಯಾಧೀಶರು ಕಾರಣ ಹೇಳಿ ಬರೆದದ್ದು ತೀರ್ಪು.
ಯಾರಿಗೆ ಏನು ಸಿಗಬೇಕು ಎಂದು ತೀರ್ಪಿನ ಪ್ರಕಾರ ಬರೆದ ಕಾಗದ ಡಿಕ್ರಿ.
ಕೋರ್ಟು ಮೊಹರು ಹಾಕಿ, ಸಹಿ ಮಾಡಿ ಕೊಡುವ ನಕಲು ದೃಢೀಕೃತ ನಕಲು.

ಪಾಲಿನ ದಾವೆಯಲ್ಲಿ ಕುಟುಂಬದ ಎಲ್ಲರ ಹೆಸರನ್ನೂ ಸೇರಿಸುತ್ತಾರೆ. ಆದ್ದರಿಂದ ನಿಮಗೆ ಗೊತ್ತಿಲ್ಲದೆಯೇ ನೀವು ಆರನೇ ಪ್ರತಿವಾದಿಯೋ ಏಳನೇ ಪ್ರತಿವಾದಿಯೋ ಆಗಿರಬಹುದು.

ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಅಳಿಯಸಂತಾನ ಕಟ್ಟು ಇತ್ತು. ಅಲ್ಲಿ ಸಂತಾನ ನಡೆಯುವುದು ತಾಯಿಯ ಕಡೆಯಿಂದ. 1949ರ ಕಾನೂನು ಇಂಥ ಕುಟುಂಬದ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನು ಬಂತು. 2005ರಲ್ಲಿ ಅದರ ತಿದ್ದುಪಡಿ ಆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಇದ್ದಷ್ಟೇ ಹಕ್ಕು ಮಗಳಿಗೂ ಬಂತು. ಹಕ್ಕು ಕೇಳುವ ಮೊದಲು ಹಿಂದೆ ಏನು ತೀರ್ಪಾಗಿದೆ ಎಂದು ನೋಡಬೇಕು. ಅದಕ್ಕೇ ಈ ನಕಲು ಬೇಕು.

ಯಾವ ಕಚೇರಿಗೆ ಹೋಗಬೇಕು?

ಎಲ್ಲ ಕಾಗದವೂ ಕೋರ್ಟಿನಲ್ಲಿ ಇರುವುದಿಲ್ಲ. ತಪ್ಪಿದ ಬಾಗಿಲಿಗೆ ಹೋದರೆ ಒಂದು ದಿನದ ಸಂಬಳ ಹಾಳು, ಬಸ್ಸಿನ ಹಣವೂ ಹಾಳು.

ದಾವೆ ನಡೆದು ತೀರ್ಪಾಗಿದ್ದರೆ ಕೋರ್ಟಿಗೆ ಹೋಗಿ.

ದಾವೆ ಇಲ್ಲದೆ, ಮನೆಯವರೇ ಒಪ್ಪಿ ವಿಭಾಗ ಪತ್ರ, ಹಕ್ಕು ಖುಲಾಸೆ ಪತ್ರ ರಿಜಿಸ್ಟರ್ ಮಾಡಿಸಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ.

ಗೇಣಿ ಜಾಗಕ್ಕೆ ಡಿಕ್ಲರೇಶನ್ ಕೊಟ್ಟು ಜಾಗ ಬಂದಿದ್ದರೆ ಅದನ್ನು ತೀರ್ಮಾನ ಮಾಡಿದ್ದು ಭೂ ನ್ಯಾಯಮಂಡಳಿ. 1974ರ ಭೂಸುಧಾರಣೆಯ ನಂತರ ಬಂದ ಕಾಗದ ಅದು. ಅದನ್ನು ತಾಲೂಕು ಕಚೇರಿಯಲ್ಲಿ ಕೇಳಬೇಕು.

ಬೀಜಾಡಿಯವರಿಗೆ ಕೋರ್ಟು ದೂರವಿಲ್ಲ. ಕೋಟೇಶ್ವರ ದಾಟಿದರೆ ಕುಂದಾಪುರ. ಅಲ್ಲಿ ಸಿವಿಲ್ ನ್ಯಾಯಾಧೀಶರ ಕೋರ್ಟು ಇದೆ. ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟೂ ಇದೆ. ಹಳಬರು ಮುನ್ಸೀಫ್ ಕೋರ್ಟು ಎನ್ನುವುದು ಸಿವಿಲ್ ನ್ಯಾಯಾಧೀಶರ ಕೋರ್ಟಿಗೇ. ಹೆಸರು ಬದಲಾಗಿದೆ, ಅಷ್ಟೆ.

ಇನ್ನೊಂದು ಮಾತು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯವರು. ಜಿಲ್ಲಾ ಕೋರ್ಟು ಮಂಗಳೂರಿನಲ್ಲಿತ್ತು. ಆದ್ದರಿಂದ ಹಳೆಯ ಮೇಲ್ಮನವಿ ಇದ್ದರೆ ಅದರ ತೀರ್ಪಿನಲ್ಲಿ ಮಂಗಳೂರಿನ ಹೆಸರು ಇರಬಹುದು.

ದಾವೆಯ ನಂಬರು ಹುಡುಕಿ

ಕೋರ್ಟಿನಲ್ಲಿ ಮೊದಲು ಕೇಳುವುದು ನಂಬರು. ಪ್ರತಿ ವರ್ಷ ದಾವೆಗಳಿಗೆ ಒಂದರಿಂದ ನಂಬರು ಕೊಡುತ್ತಾರೆ. 45/1998 ಎಂದು ಬರೆದಿದ್ದರೆ, 1998ನೇ ಇಸವಿಯ 45ನೇ ದಾವೆ ಎಂದು ಅರ್ಥ. ಅದರ ಮುಂದೆ ಓ.ಎಸ್. ಎಂದಿದ್ದರೆ ಮೂಲ ದಾವೆ. ಆರ್.ಎ. ಎಂದಿದ್ದರೆ ಮೇಲ್ಮನವಿ. ಇ.ಪಿ. ಎಂದಿದ್ದರೆ ಡಿಕ್ರಿಯನ್ನು ಜಾರಿ ಮಾಡಿಸುವ ಅರ್ಜಿ.

ನಂಬರು ಎಲ್ಲಿ ಸಿಗುತ್ತದೆ?

1. ಮನೆಯ ಪೆಟ್ಟಿಗೆಯಲ್ಲಿ ಹುಡುಕಿ. ಸಮನ್ಸು, ನೋಟೀಸು, ವಕೀಲರ ಪತ್ರ, ಇವುಗಳ ಮೇಲೆ ನಂಬರು ಇರುತ್ತದೆ. ಹರಿದಿದೆ ಎಂದು ಒಲೆಗೆ ಹಾಕಬೇಡಿ.

2. ಆಗ ನಡೆಸಿದ ವಕೀಲರ ಆಫೀಸಿನಲ್ಲಿ ಕೇಳಿ.

3. ಜಾಗದ ಆರ್.ಟಿ.ಸಿ. ನೋಡಿ. ಕೆಲವೊಮ್ಮೆ ಅದರಲ್ಲಿ ಕೋರ್ಟಿನ ಆದೇಶದ ನಮೂದು ಇರುತ್ತದೆ.

4. ಮನೆಯಲ್ಲಿ ಮೊಬೈಲು ಇದ್ದರೆ ಮಗಳಿಗೋ ಮೊಮ್ಮಗನಿಗೋ ಹೇಳಿ. ಇ-ಕೋರ್ಟ್ಸ್ ಎಂಬ ಸರಕಾರದ ವ್ಯವಸ್ಥೆ ಇದೆ. ಉಡುಪಿ ಜಿಲ್ಲೆ, ಕುಂದಾಪುರ ಎಂದು ಆರಿಸಿ, ವಾದಿ ಅಥವಾ ಪ್ರತಿವಾದಿಯ ಹೆಸರು ಮತ್ತು ಇಸವಿ ಹಾಕಿ ಹುಡುಕಬಹುದು. ಪ್ರತಿ ದಾವೆಗೂ 16 ಅಕ್ಷರ, ಅಂಕೆಗಳ ಸಿ.ಎನ್.ಆರ್. ನಂಬರು ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ತುಂಬ ಹಳೆಯ ದಾವೆ ಕಂಪ್ಯೂಟರಿನಲ್ಲಿ ಸಿಗದೆ ಇರಬಹುದು. ಸಿಗಲಿಲ್ಲ ಎಂದರೆ ದಾವೆಯೇ ಇರಲಿಲ್ಲ ಎಂದಲ್ಲ. ಕೋರ್ಟಿನ ಆಫೀಸಿನಲ್ಲಿ ದಾವೆಗಳ ರಿಜಿಸ್ಟರು ಇರುತ್ತದೆ.

ಅರ್ಜಿ ಕೊಡುವುದು

ಮುಗಿದ ದಾವೆಯ ಕಟ್ಟು ರೆಕಾರ್ಡು ರೂಮಿಗೆ ಹೋಗುತ್ತದೆ. ಅಲ್ಲಿಂದ ತೆಗೆಸಿ ನಕಲು ಕೊಡುವುದು ಕೋರ್ಟಿನ ನಕಲು ವಿಭಾಗ. ಅದಕ್ಕೆ ನಕಲು ಅರ್ಜಿ ಕೊಡಬೇಕು. ಅರ್ಜಿಗೆ ಕೋರ್ಟು ಫೀ ಕಟ್ಟಬೇಕು. ನಕಲಿಗೆ ಪುಟದ ಲೆಕ್ಕದಲ್ಲಿ ಹಣ. ಎಷ್ಟು ಎಂದು ಅಲ್ಲೇ ಕೇಳಿ. ಕಟ್ಟಿದ ಹಣಕ್ಕೆ ರಶೀದಿ ತೆಗೆದುಕೊಳ್ಳಿ. ಅರ್ಜಿಯ ನಂಬರು ಬರೆದುಕೊಳ್ಳಿ.

ಅರ್ಜಿ ಹೀಗಿರಲಿ:

ಇವರಿಗೆ,
ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ, ಕುಂದಾಪುರ.
ದಾವೆ ನಂಬರು: ಓ.ಎಸ್. ........ / ........
ವಾದಿ: ................ ಪ್ರತಿವಾದಿ: ................
ಈ ದಾವೆಯಲ್ಲಿ ನಾನು ........ನೇ ಪ್ರತಿವಾದಿ. ನನಗೆ ಈ ಕೆಳಗಿನ ಕಾಗದಗಳ ದೃಢೀಕೃತ ನಕಲು ಬೇಕು.
1. ತೀರ್ಪು 2. ಡಿಕ್ರಿ 3. ರಾಜಿ ಅರ್ಜಿ
ದಿನಾಂಕ: ............ ಸಹಿ: ................

"ಎಲ್ಲ ಕಾಗದ ಕೊಡಿ" ಎಂದು ಬರೆಯಬೇಡಿ. ಪುಟ ಹೆಚ್ಚಾದರೆ ಹಣವೂ ಹೆಚ್ಚು. ಬೇಕಾದ ಕಾಗದದ ಹೆಸರನ್ನೇ ಬರೆಯಿರಿ.

ವಾದಿಗೂ ಪ್ರತಿವಾದಿಗೂ ತೀರ್ಪು, ಡಿಕ್ರಿಯ ನಕಲು ಪಡೆಯುವ ಹಕ್ಕಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಅದನ್ನು ಹೇಳುತ್ತದೆ. ಯಾರ ದಯೆಯೂ ಬೇಕಿಲ್ಲ. ದಾವೆಯಲ್ಲಿ ನಿಮ್ಮ ಹೆಸರು ಇಲ್ಲದಿದ್ದರೆ, ನಕಲು ಯಾತಕ್ಕೆ ಬೇಕು ಎಂದು ಪ್ರಮಾಣ ಪತ್ರದಲ್ಲಿ ಬರೆದು ಕೊಡಬೇಕು. "ಪ್ರತಿವಾದಿ ನನ್ನ ತಾಯಿ. ಅವರು ತೀರಿಹೋಗಿದ್ದಾರೆ. ನಾನು ವಾರಸುದಾರಳು" ಎನ್ನುವುದು ಸರಿಯಾದ ಕಾರಣ.

ಕೆಲವರು "ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕು" ಎನ್ನುತ್ತಾರೆ. ದಾವೆಯ ಕಾಗದಕ್ಕೆ ಅದು ದಾರಿಯಲ್ಲ. ಕೋರ್ಟಿನ ನಿಯಮದ ಪ್ರಕಾರವೇ ನಕಲು ಕೇಳಬೇಕು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ.

ತಡ ಮಾಡಬಾರದು

ಕೋರ್ಟು ಎಲ್ಲ ಕಾಗದವನ್ನೂ ಸದಾಕಾಲ ಇಡುವುದಿಲ್ಲ. ಸಣ್ಣಪುಟ್ಟ ಕಾಗದಗಳನ್ನು ಕೆಲವು ವರ್ಷದ ನಂತರ ನಾಶ ಮಾಡುತ್ತಾರೆ. ತೀರ್ಪು, ಡಿಕ್ರಿಯನ್ನು ಹೆಚ್ಚು ಕಾಲ ಇಡುತ್ತಾರೆ.

ತೀರ್ಪು ಒಪ್ಪಿಗೆ ಇಲ್ಲದಿದ್ದರೆ ಮೇಲ್ಮನವಿ ಮಾಡಬಹುದು. ಬೆಂಗಳೂರಿನ ಹೈಕೋರ್ಟಿಗೆ 90 ದಿನ. ಕೆಳಗಿನ ಮೇಲ್ಮನವಿ ಕೋರ್ಟಿಗೆ 30 ದಿನ. ನೀವು ನಕಲಿಗೆ ಅರ್ಜಿ ಕೊಟ್ಟ ಮೇಲೆ ನಕಲು ತಯಾರಾಗಲು ಬೇಕಾದ ದಿನಗಳನ್ನು ಈ ಲೆಕ್ಕದಲ್ಲಿ ಬಿಡುತ್ತಾರೆ. ಅರ್ಜಿ ಕೊಟ್ಟ ದಿನ, ನಕಲು ತಯಾರಾದ ದಿನ, ಎಲ್ಲವನ್ನೂ ನಕಲಿನ ಮೇಲೆ ಬರೆದಿರುತ್ತಾರೆ. ಆ ಹಾಳೆಯನ್ನು ಕಳೆದುಕೊಳ್ಳಬೇಡಿ.

ಡಿಕ್ರಿ ನಿಮ್ಮ ಪರವಾಗಿ ಆಗಿದ್ದರೂ ಸುಮ್ಮನೆ ಕೂತರೆ ಜಾಗ ಕೈಗೆ ಬರುವುದಿಲ್ಲ. ಜಾಗವನ್ನೋ ಹಣವನ್ನೋ ಕೊಡಿಸುವ ಡಿಕ್ರಿಯನ್ನು 12 ವರ್ಷದೊಳಗೆ ಜಾರಿ ಮಾಡಿಸಬೇಕು. ಡಿಕ್ರಿ ಪೆಟ್ಟಿಗೆಯ ಅಡಿಯಲ್ಲೇ ಉಳಿದು ಅವಧಿ ದಾಟಿದರೆ ಗೆದ್ದದ್ದೂ ಸೋತ ಹಾಗೆ.

ಓದಿ ಹೇಳುವವರು ಯಾರು?

ಅನೇಕ ತೀರ್ಪುಗಳು ಇಂಗ್ಲಿಷಿನಲ್ಲಿ ಇರುತ್ತವೆ. ಹೆದರಬೇಡಿ. ಕುಂದಾಪುರದ ಕೋರ್ಟಿನಲ್ಲೇ ತಾಲೂಕು ಕಾನೂನು ಸೇವಾ ಸಮಿತಿ ಇದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯ ಪ್ರಕಾರ ಹೆಂಗಸರಿಗೆ ವಕೀಲರ ನೆರವು ಉಚಿತ. ಬಡವರೇ ಆಗಿರಬೇಕು ಎಂದಿಲ್ಲ, ಹೆಂಗಸು ಎಂದರೆ ಸಾಕು. 15100 ನಂಬರಿಗೆ ಫೋನು ಮಾಡಿಯೂ ಕೇಳಬಹುದು. ಅದಕ್ಕೆ ಹಣ ಇಲ್ಲ.

ನಕಲಿನಲ್ಲಿ ಮೂರು ವಿಷಯ ಓದಿಸಿ ತಿಳಿಯಿರಿ. ನನ್ನ ಹೆಸರು ಎಲ್ಲಿದೆ? ಯಾವ ಸರ್ವೆ ನಂಬರಿನ ಜಾಗ? ನನಗೆ ಎಷ್ಟು ಪಾಲು ಎಂದು ಬರೆದಿದೆ?

ನೆನಪಿಡಿ

ಓದದೆ ಸಹಿ ಹಾಕಬೇಡಿ. ಖಾಲಿ ಕಾಗದಕ್ಕೆ ಯಾರು ಹೇಳಿದರೂ ಸಹಿ ಬೇಡ.
ಕೋರ್ಟಿನ ಬಾಗಿಲಲ್ಲಿ "ನಾನು ಮಾಡಿಸಿ ಕೊಡುತ್ತೇನೆ" ಎಂದು ಹಣ ಕೇಳುವವರಿಗೆ ಕೊಡಬೇಡಿ. ರಶೀದಿ ಇರುವಲ್ಲಿ ಮಾತ್ರ ಹಣ ಕಟ್ಟಿ.
ಒಬ್ಬರೇ ಹೋಗಲು ಹೆದರಿಕೆಯಾದರೆ ಸಂಘದ ಇಬ್ಬರು ಅಕ್ಕಂದಿರನ್ನು ಕರೆದುಕೊಂಡು ಹೋಗಿ.

ಬರೆಯಿರಿ

1. ಮೇಲಿನ ಅರ್ಜಿಯನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಸಹಿಯ ಜಾಗದಲ್ಲಿ ನಿಮ್ಮ ಪೂರ್ತಿ ಹೆಸರು ಬರೆಯಿರಿ.
2. ಓ.ಎಸ್. 12/2003 ಎಂದರೆ ಏನು? ಪಕ್ಕದವರಿಗೆ ಹೇಳಿ.
3. ನಿಮ್ಮ ಮನೆಯಲ್ಲಿ ಕೋರ್ಟಿನ ಹಳೆಯ ಕಾಗದ ಇದೆಯೇ? ಇಂದು ರಾತ್ರಿ ಪೆಟ್ಟಿಗೆ ತೆಗೆದು ನೋಡಿ. ಅದರ ಮೇಲಿನ ನಂಬರು, ಇಸವಿ ಓದಿ ಬರೆದುಕೊಂಡು ನಾಳೆ ತರಗತಿಗೆ ತನ್ನಿ.