ಸತ್ತಂತೆ ಬಿದ್ದು ಬದುಕಿದ ಪ್ರೋಗ್ರಾಮುಗಳು

ಕಳೆದ ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತವಳಿಗೆ ಮಧ್ಯಾಹ್ನದ ಊಟವೂ ಮರೆತುಹೋಯಿತು. ಪರದೆಯ ಮೇಲೊಂದು ಚೌಕುಳಿ ತಟ್ಟೆ, ಅದರ ನಟ್ಟನಡುವೆ ಒಂದೇ ಚುಕ್ಕೆ. ಗುಂಡಿ ಒತ್ತಿದೆ. ಒಂದು ಎರಡಾಯಿತು, ಎರಡು ನಾಲ್ಕಾಯಿತು. ಮಳೆಗಾಲದಲ್ಲಿ ರೊಟ್ಟಿಗೆ ಹಿಡಿಯುವ ಬೂಸ್ಟಿನಂತೆ ತಟ್ಟೆ ತುಂಬ ಹರಡಿತು.

ಇದು ಅವಿಡಾ-ಇಡಿ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ತರಗತಿಗಳಿಗೆಂದು ರೂಪಿಸಿದ ಉಚಿತ ತಂತ್ರಾಂಶ. ಬ್ರೌಸರ್ ಇದ್ದರೆ ಸಾಕು. ಯಾವುದಾದರೂ ಚುಕ್ಕೆಯನ್ನು ಆರಿಸಿದರೆ ಅದರ ಒಡಲು ಕಾಣುತ್ತದೆ: 50 ಬಣ್ಣದ ಮಣಿಗಳ ಸರ. ಒಂದೊಂದು ಮಣಿಯೂ ಒಂದು ಆದೇಶ. ಕೆಲವು ಆದೇಶಗಳು ಸೇರಿ ಇಡೀ ಸರವನ್ನು ಮಣಿಮಣಿಯಾಗಿ ನಕಲು ಮಾಡಿ ಮರಿಯನ್ನು ಬೇರ್ಪಡಿಸುತ್ತವೆ. ಮಿಕ್ಕವುಗಳಲ್ಲಿ ಬಹುಪಾಲು ಏನೂ ಮಾಡದ ಖಾಲಿ ಮಣಿಗಳು. ನಕಲಿನಲ್ಲಿ ಆಗೊಮ್ಮೆ ಈಗೊಮ್ಮೆ ಮಣಿ ತಪ್ಪುತ್ತದೆ. ಹೆಚ್ಚಿನ ತಪ್ಪುಗಳು ಕೆಡುಕೋ ನಿಷ್ಫಲವೋ ಆಗುತ್ತವೆ. ಅಪರೂಪಕ್ಕೊಂದು ತಪ್ಪಿನಿಂದ ಜೀವಿಗೆ ತರ್ಕದ ಸಣ್ಣ ಲೆಕ್ಕವೊಂದು ಒಲಿಯುತ್ತದೆ. ಲೆಕ್ಕ ಬಂದವರಿಗೆ ಗಣಕದ ಹೆಚ್ಚು ಸಮಯ ಇನಾಮು. ಅಂದರೆ ಬೇಗ ಬೇಗ ಮರಿ ಹಾಕುವ ಭಾಗ್ಯ.

ನನ್ನ ತಟ್ಟೆಯಲ್ಲಿ ‘ನಾಟ್’ ಎಂಬ ಸರಳ ಲೆಕ್ಕ ಮೊದಲು ಕಾಣಿಸಿದಾಗ ಮನೆಯವರನ್ನೆಲ್ಲ ಕೂಗಿ ಕರೆದೆ. ಅದನ್ನು ಅಲ್ಲಿ ಯಾರೂ ಬರೆದಿರಲಿಲ್ಲ. ತಪ್ಪುಗಳ ಮೇಲೆ ತಪ್ಪು ಕೂಡಿ ಹುಟ್ಟಿದ್ದು!

ಕಂಪ್ಯೂಟರಿನೊಳಗೆ ವಿಕಾಸವನ್ನು ಹುಡುಕುವ ಈ ಆಟ ಹಳೆಯದು. 1953ರಲ್ಲೇ ಪ್ರಿನ್ಸ್‌ಟನ್ನಿನಲ್ಲಿ ನಿಲ್ಸ್ ಬಾರಿಚೆಲ್ಲಿ ಕಂಪ್ಯೂಟರಿನೊಳಗೆ ಅಂಕಿಗಳ ಜೀವಿಗಳನ್ನು ಸಾಕಿದ್ದರು. ಕೋಸ್ಟರಿಕಾದ ಮಳೆಕಾಡುಗಳಲ್ಲಿ ಅಧ್ಯಯನ ಮಾಡಿದ್ದ ಥಾಮಸ್ ರೇ, 1990ರ ಜನವರಿಯಲ್ಲಿ ತಮ್ಮ ‘ಟಿಯೆರಾ’ ಲೋಕಕ್ಕೆ 80 ಆದೇಶಗಳ ಒಂದು ಮೂಲಜೀವಿಯನ್ನು ಬಿಟ್ಟರು. ಅದರ ಸಂತಾನದಲ್ಲಿ 45 ಆದೇಶಗಳ ಬಂದಳಿಕೆ ಹುಟ್ಟಿತು. ಅದಕ್ಕೆ ನಕಲು ಮಾಡುವ ಆದೇಶಗಳೇ ಇರಲಿಲ್ಲ. ನೆರೆಯವರ ಆದೇಶಗಳನ್ನು ಬಳಸಿಕೊಂಡೇ ವಂಶ ಬೆಳೆಸಿತು. ಕೊನೆಗೆ ಬಂದಳಿಕೆಯನ್ನೇ ದೋಚುವ ಜೀವಿಯೂ ಬಂತು. 1993ರಲ್ಲಿ ಕ್ಯಾಲ್ಟೆಕ್‌ನಲ್ಲಿ ಕ್ರಿಸ್ ಅದಾಮಿ, ಚಾರ್ಲ್ಸ್ ಓಫ್ರಿಯಾ, ಟೈಟಸ್ ಬ್ರೌನ್ ಸೇರಿ ಅವಿಡಾ-ಇಡಿಯ ಮೂಲವಾದ ಅವಿಡಾ ಕಟ್ಟಿದರು.

ಓಫ್ರಿಯಾ ಅವರಿಗೆ ಆದ ಒಂದು ಅನುಭವ ಓದಿದಾಗಿನಿಂದ ನನ್ನ ತಲೆಯಲ್ಲೇ ಕೂತಿದೆ. ಮರಿ ಹಾಕುವ ವೇಗ ಹೆಚ್ಚಬಾರದು ಎಂಬ ಕಟ್ಟಳೆಯೊಂದಿಗೆ ಅವರು ಪ್ರಯೋಗ ನಡೆಸಿದ್ದರು. ಬದಲಾವಣೆಯಾದ ಪ್ರತಿ ಜೀವಿಯನ್ನೂ ಬೇರೆ ಕೋಣೆಗೆ ಒಯ್ದು ಪರೀಕ್ಷೆ. ತಾಯಿಗಿಂತ ಚುರುಕಾಗಿದ್ದರೆ ಅಲ್ಲೇ ಸಾವು. ಕೆಲಕಾಲ ಎಲ್ಲ ಸರಿಯಿತ್ತು. ಆಮೇಲೆ ವೇಗ ಮತ್ತೆ ಏರತೊಡಗಿತು. ನೋಡಿದರೆ, ಪರೀಕ್ಷೆಯ ಕೋಣೆಗೆ ಬರುವ ಸಂಖ್ಯೆಗಳು ಹೊರಗಿನವುಗಳಿಗಿಂತ ಬೇರೆಯಾಗಿದ್ದವು. ಜೀವಿಗಳು ಆ ಗುರುತು ಹಿಡಿದು, ಅಲ್ಲಿ ಮಾತ್ರ ಮರಿ ಹಾಕದೆ ಸತ್ತಂತೆ ಬಿದ್ದಿರುತ್ತಿದ್ದವು! ಹೊರಬಂದೊಡನೆ ದೌಡು. ಓಫ್ರಿಯಾ ಎರಡೂ ಕಡೆ ಒಂದೇ ಬಗೆಯ ಸಂಖ್ಯೆಗಳನ್ನು ಕೊಟ್ಟರು. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂಬಂತೆ, ಜೀವಿಗಳು ಆ ಸಂಖ್ಯೆಗಳನ್ನೇ ಪಗಡೆಯ ದಾಳವಾಗಿಸಿಕೊಂಡವು. ವೇಗ ಕೊಡುವ ಕೆಲಸವನ್ನು ಒಮ್ಮೆ ಮಾಡುವುದು, ಒಮ್ಮೆ ಬಿಡುವುದು. ಅರ್ಧದಷ್ಟು ಬಾರಿ ಮಾಡಿದರೆ, ಪರೀಕ್ಷೆಯಲ್ಲಿ ಅರ್ಧದಷ್ಟು ಜೀವಿಗಳಾದರೂ ಪಾರು. ಕೊನೆಗೆ ಅವರು ಪ್ರತ್ಯೇಕ ಕೋಣೆಯನ್ನೇ ನೆಚ್ಚುವುದು ಬಿಟ್ಟು, ಓಡುತ್ತಿರುವ ಲೋಕದಲ್ಲೇ ವಂಶಾವಳಿಯ ವೇಗವನ್ನು ಗಮನಿಸಬೇಕಾಯಿತು.

ಇವು ನಿಜಕ್ಕೂ ಜೀವಿಗಳೇ? ನನಗೆ ಹಾಗನ್ನಿಸುವುದಿಲ್ಲ. ಹಸಿವಿಲ್ಲ, ನೋವಿಲ್ಲ, ಸತ್ತಂತೆ ಬಿದ್ದಾಗಲೂ ‘ಮೋಸ ಮಾಡುತ್ತಿದ್ದೇನೆ’ ಎಂಬ ಅರಿವಿಲ್ಲ. ಆದರೆ ವಿಕಾಸ ಮಾತ್ರ ಸಾಚಾ. ನಕಲು, ನಕಲಿನಲ್ಲಿ ತಪ್ಪು, ಜಾಗಕ್ಕಾಗಿ ಪೈಪೋಟಿ ಈ ಮೂರಿದ್ದ ಕಡೆ ಅದು ನಡೆದೇ ತೀರುತ್ತದೆ.

2003ರಲ್ಲಿ ಓಫ್ರಿಯಾ, ಅದಾಮಿ, ರಾಬರ್ಟ್ ಪೆನಾಕ್ ಮತ್ತು ಬ್ಯಾಕ್ಟೀರಿಯಾ ವಿಕಾಸದ ತಜ್ಞ ರಿಚರ್ಡ್ ಲೆನ್‌ಸ್ಕಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಪ್ರಬಂಧ ಇದಕ್ಕೆ ಗಟ್ಟಿ ಸಾಕ್ಷಿ. ಎರಡು ಸಂಖ್ಯೆಗಳು ಎಲ್ಲೆಲ್ಲಿ ಒಂದೇ ಎಂದು ಬಿಟ್ ಬಿಟ್ಟಾಗಿ ಹೇಳುವ ‘ಈಕ್ವಲ್ಸ್’ ಅಲ್ಲಿನ ಕಠಿಣ ಲೆಕ್ಕ. ಸರಳ ಲೆಕ್ಕಗಳಿಗೂ ಇನಾಮು ಇದ್ದಾಗ 50 ಸಂತತಿಗಳಲ್ಲಿ 23 ಅದನ್ನು ಕಂಡುಕೊಂಡವು. ಸರಳ ಲೆಕ್ಕಗಳ ಇನಾಮು ತೆಗೆದಾಗ 50ರಲ್ಲಿ ಒಂದೂ ಕಂಡುಕೊಳ್ಳಲಿಲ್ಲ. ‘ಕಣ್ಣಿನಂಥ ಜಟಿಲ ಅಂಗ ತಾನಾಗಿ ಹೇಗೆ ಬಂತು?’ ಎಂದು ಕೇಳುವವರಿಗೆ ನಾನು ಈ ಎರಡು ಅಂಕಿಗಳನ್ನೇ ತೋರಿಸುತ್ತೇನೆ. ಮೆಟ್ಟಿಲಿದ್ದರೆ ಅಟ್ಟ ಹತ್ತಬಹುದು, ಇಲ್ಲದಿದ್ದರೆ ಆಗದು.

ನನ್ನ ತಟ್ಟೆಯಲ್ಲಿ ಸಂಜೆಯಾದರೂ ‘ಈಕ್ವಲ್ಸ್’ ಬರಲಿಲ್ಲ. ಮುಂದಿನ ಭಾನುವಾರ ಮತ್ತೆ ಕೂರುತ್ತೇನೆ.

ಎನ್‌ಸಿಇಆರ್‌ಟಿ ತನ್ನ 10ನೇ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠ ಕೈಬಿಟ್ಟದ್ದು 2023ರಲ್ಲಿ ದೊಡ್ಡ ಸುದ್ದಿಯಾಗಿತ್ತು. ಮೇಷ್ಟ್ರುಗಳಲ್ಲಿ, ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ಕೋರಿಕೆ: ಶಾಲೆಯಲ್ಲೋ ಮನೆಯಲ್ಲೋ ಒಂದು ಕಂಪ್ಯೂಟರ್ ಇದ್ದರೆ ಮಕ್ಕಳಿಗೆ ಆ ಒಂದು ಚುಕ್ಕೆ ತೋರಿಸಿ. ಗುಂಡಿಯನ್ನು ಅವರೇ ಒತ್ತಲಿ.