ಒಂದು ಮತದ ಸೀಮೆಯಲ್ಲಿ ಗೆಳೆಯರ ವಾದ

ಗೆಳೆಯರೊಡನೆ ರಾಜಕೀಯ ಮಾತನಾಡಿ ಆಗಬೇಕಾದುದೇನು, ಒಬ್ಬನ ಮತದಿಂದ ರಾಜ್ಯ ಉರುಳೀತೆ ಎಂದು ಕೇಳುವವರು ಎಲ್ಲ ಊರುಗಳಲ್ಲಿಯೂ ಉಂಟು. ಚಾಮರಾಜನಗರದ ಸೀಮೆಯಲ್ಲಿ ಮಾತ್ರ ಈ ಪ್ರಶ್ನೆ ನಿಲ್ಲಲಾರದು. 2004ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿನ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ ಜಾತ್ಯತೀತ ಜನತಾದಳದ ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳೂ ಬಂದವು. ಸೋತವರ ಕಾರಿನ ಚಾಲಕನಿಗೇ ಅಂದು ಮತ ಹಾಕಲಾಗಲಿಲ್ಲವೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ.

ಆದುದರಿಂದ ವಾದವೆಲ್ಲ ವ್ಯರ್ಥವೆನ್ನುವಂತಿಲ್ಲ; ಆದರೆ ಅದಕ್ಕೊಂದು ಕಾಲವುಂಟು. ಮತದಾನಕ್ಕೆ ಮುನ್ನ, ಇನ್ನೂ ಮನಸ್ಸು ಗಟ್ಟಿಮಾಡದ ಗೆಳೆಯನೊಡನೆ ಆಡಿದ ಮಾತು ಫಲಿಸೀತು. ಎಣಿಕೆ ಮುಗಿದ ಮೇಲೆ ಅದೇ ಮಾತು ಗಾಯಕ್ಕೆ ಉಪ್ಪು ಸವರಿದಂತೆ. ಅಲ್ಲದೆ ನಾಯಕರ ಹಾದಿಯನ್ನು ಬಲ್ಲವರಾರು? ಅದೇ ಕೃಷ್ಣಮೂರ್ತಿ ಅವರು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದುಬಂದದ್ದು ಕಾಂಗ್ರೆಸ್ ಅಭ್ಯರ್ಥಿಯಾಗಿ! 2004ರಲ್ಲಿ ಇವರಿಬ್ಬರ ಹೆಸರಿನಲ್ಲಿ ಮಾತು ಬಿಟ್ಟ ಗೆಳೆಯರಾರಾದರೂ ಇದ್ದರೆ, ಅವರು ಇನ್ನು ಯಾವ ಪಕ್ಷದ ನೆಪದಲ್ಲಿ ಮುನಿದಿರಬೇಕು?

ವ್ಯಕ್ತಿಗಳ ವಿಷಯ ಹೀಗಾದರೆ, ಪಕ್ಕದ ಗುಂಡ್ಲುಪೇಟೆಯಲ್ಲಿ ವಾದಕ್ಕೆ ಹೆಚ್ಚು ಯೋಗ್ಯವಾದ ವಸ್ತುವೊಂದಿದೆ. ಊಟಿಗೂ ಕೇರಳದ ಸುಲ್ತಾನ್ ಬತ್ತೇರಿಗೂ ಹೋಗುವ ರಸ್ತೆಗಳು ಇಲ್ಲಿಂದ ಮುಂದೆ ಬಂಡೀಪುರದ ಕಾಡನ್ನು ಹಾಯುತ್ತವೆ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರವನ್ನು ನಿಷೇಧಿಸಿದ್ದು 2009ರಲ್ಲಿ. ಮರುವರ್ಷ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ತರಕಾರಿ ತುಂಬಿದ ಲಾರಿಯ ಒಡೆಯನಿಗೆ ಒಂಬತ್ತಕ್ಕೆ ಮುಚ್ಚುವ ಗೇಟು ನಷ್ಟದ ಬಾಬತ್ತು. ಚಕ್ರಕ್ಕೆ ಸಿಕ್ಕಿ ಬಿದ್ದ ಜಿಂಕೆಯನ್ನು ಕಂಡವನಿಗೆ ಅದೇ ಗೇಟು ನ್ಯಾಯ. ಇವರಿಬ್ಬರೂ ಸ್ನೇಹಿತರಾಗಿದ್ದರೆ ಅವಶ್ಯವಾಗಿ ವಾದಿಸಬೇಕು. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮಾರ್ಗವಾಗಿ ಸುತ್ತಿ ಹೋಗುವ ಡೀಸೆಲ್ಲಿನ ಖರ್ಚನ್ನು ಒಬ್ಬ ಬಲ್ಲ. ದೀಪದ ಬೆಳಕಿಗೆ ದಿಕ್ಕುಗೆಟ್ಟು ರಸ್ತೆಯ ನಡುವೆ ನಿಂತುಬಿಡುವ ಪ್ರಾಣಿಯ ಪಾಡನ್ನು ಮತ್ತೊಬ್ಬ ಬಲ್ಲ. ಸುಮ್ಮನಿದ್ದರೆ ಇಬ್ಬರೂ ಅರ್ಧ ತಿಳಿದವರಾಗಿಯೇ ಉಳಿಯುತ್ತಾರೆ.

ಸ್ಥಳವನ್ನೂ ನೋಡಬೇಕು. ಬಸ್ ನಿಲ್ದಾಣದ ಹೋಟೆಲಿನಲ್ಲಿ, ಕಾಫಿ ಆರುವವರೆಗೂ ಕಿವಿಗೊಟ್ಟು ಕುಳಿತ ನಾಲ್ವರ ಮುಂದೆ, ‘ಹೌದಪ್ಪ, ನೀನು ಹೇಳುವುದೂ ಸರಿಯೇ’ ಎನ್ನುವ ಧೈರ್ಯ ಯಾರಿಗೂ ಬರಲಾರದು. ಅದೇ ಇಬ್ಬರು ಸಂಜೆ ಹೊಲದ ಬದುವಿನ ಮೇಲೆ ನಡೆಯುತ್ತಿದ್ದರೆ ಆ ಮಾತು ತಾನಾಗಿ ಬಂದೀತು. ನೋಟಕರಿದ್ದೆಡೆ ವಾದ ಕೋಳಿ ಅಂಕವಾಗುವುದು ಸಹಜ.

ಮೌನ ಸಲ್ಲುವ ಸಂದರ್ಭವೂ ಗುಂಡ್ಲುಪೇಟೆಗೆ ಬಂದಿತ್ತು. ಸಚಿವರಾಗಿದ್ದ ಎಚ್. ಎಸ್. ಮಹದೇವಪ್ರಸಾದ್ ಅವರು 2017ರ ಜನವರಿಯಲ್ಲಿ ತೀರಿಕೊಂಡರು. ಏಪ್ರಿಲ್‌ನಲ್ಲಿ ನಡೆದ ಉಪಚುನಾವಣೆಗೆ ಅವರ ಪತ್ನಿ ಗೀತಾ ಅವರೇ ಅಭ್ಯರ್ಥಿ. ಅನುಕಂಪಕ್ಕೆ ಮತ ಕೊಡುವುದು ತರವೇ ಎಂಬುದು ಪ್ರಜಾಪ್ರಭುತ್ವದಲ್ಲಿ ಕೇಳತಕ್ಕ ಪ್ರಶ್ನೆಯೇ. ಆದರೂ ಆ ಮನೆತನವನ್ನು ನೆಚ್ಚಿಕೊಂಡ, ಕಣ್ಣೀರು ಆರದ ಗೆಳೆಯನೆದುರು ಅದನ್ನು ಅಂದೇ ಎತ್ತಬೇಕಾದ ಅವಸರವೇನೂ ಇರಲಿಲ್ಲ. ಗೀತಾ ಅವರು ಗೆದ್ದರು. ವರ್ಷ ಕಳೆದು 2018ರಲ್ಲಿ ಮತ್ತೆ ಚುನಾವಣೆ ಬಂತು. ಅದೇ ಕ್ಷೇತ್ರದ ಮತದಾರರು ಈ ಬಾರಿ ಅವರನ್ನು ಸೋಲಿಸಿ ಸಿ. ಎಸ್. ನಿರಂಜನ್ ಕುಮಾರ್ ಅವರನ್ನು ಆರಿಸಿದರು.